ಕಟ್ಟೆಯ ಮೇಲಿನ ಮಗ್ಗಿ

ನಿಮ್ಮ ಊರಿನಲ್ಲೂ ಇರಬಹುದು, ಬಾಗಿಲು ಮುರಿದ ಒಂದು ಹಳೇ ಶಾಲೆ. ರಾಯಬಾಗ ಕಡೆಯ ಒಂದು ಊರಿನಲ್ಲಿ ಅಂಥದ್ದೊಂದಿತ್ತು. ಒಂದೇ ಕೋಣೆ, ಕಲ್ಲಿನ ಗೋಡೆ, ಹೆಂಚಿನ ಮಾಡು, ಮುಂದೆ ಒಂದು ಕಟ್ಟೆ. ರಸ್ತೆ ಬದಿಗೆ ಹೊಸ ಶಾಲೆಯಾದ ಮೇಲೆ ಅತ್ತ ಯಾರೂ ಸುಳಿಯುತ್ತಿರಲಿಲ್ಲ. ಸುತ್ತ ಕಬ್ಬು ಎತ್ತರಕ್ಕೆ ಬೆಳೆದು ನಿಂತಿತ್ತು. ಮಟಮಟ ಮಧ್ಯಾಹ್ನ ಅಲ್ಲಿ ಮಗ್ಗಿ ಕೇಳಿಸುತ್ತದೆ ಎಂದು ಜನ ಹೇಳುತ್ತಿದ್ದರು.

ಲಗಮಣ್ಣ ನಂಬಿರಲಿಲ್ಲ. ಅವನಿಗೆ ದನದ ಕೊಟ್ಟಿಗೆ ಕಟ್ಟಲು ಕಲ್ಲು ಬೇಕಿತ್ತು. ಪಂಚಾಯಿತಿಯವರು ಕೆಡವಿಕೋ ಎಂದಿದ್ದರು. ೧೯೯೨ರ ಬೇಸಿಗೆಯಲ್ಲಿ ಹಾರೆ ಹಿಡಿದು ಹೋದವನು, ಹಾರೆಯನ್ನೂ ಅಲ್ಲೇ ಬಿಟ್ಟು ಮನೆಗೆ ಬಂದು ಕುಳಿತ. ಹೆಂಡತಿ ರುಕ್ಮವ್ವ ನೀರು ಕೊಟ್ಟಳು. ಆ ಹೊತ್ತಿಗೆ ಅಕ್ಕುತಾಯಿ ಬಾಗಿಲ ಹೊರಗೆ ಬಂದು ನಿಂತಳು. ಅವಳು ಸಾಕ್ಷರತಾ ಕಾರ್ಯಕರ್ತೆ. ರುಕ್ಮವ್ವನನ್ನು ಸಂಜೆ ತರಗತಿಗೆ ಕರೆಯಲು ಬಂದಿದ್ದಳು.

"ಯಾಕ ಕಾಕಾ, ಮೈಯಾಗ ಆರಾಮಿಲ್ಲೇನ್ರಿ?"

"ಹಳೇ ಸಾಲಿ ಒಳಗ ನಿಂತ್ರ ಹೊರಗ ಮಗ್ಗಿ ಓದತಾರ. ಹೊರಗ ಬಂದ್ರ ಯಾರೂ ಇಲ್ಲ," ಎಂದ ಲಗಮಣ್ಣ. "ಹುಡುಗರ ಧ್ವನಿ, ತಂಗಿ."

"ಅದಕ್ಕ ಅದನ್ನ ಲಗೂನ ಕೆಡವಿ ಒಗೀಬೇಕು," ಎಂದಳು ರುಕ್ಮವ್ವ.

"ಕೆಡವೂಕಿಂತ ಮೊದಲ ಒಮ್ಮೆ ಕೂಡೇ ಹೋಗೂಣು ಬರ್ರಿ," ಎಂದಳು ಅಕ್ಕುತಾಯಿ.

ಮೂವರೂ ಹೋದರು. ಕಬ್ಬಿನ ಒಂದು ಗರಿಯೂ ಅಲುಗುತ್ತಿರಲಿಲ್ಲ. ಹೊರಗೆ ಅಂಥ ಬಿಸಿಲು, ಕೋಣೆಯೊಳಗೆ ಮೈ ನಡುಗುವಷ್ಟು ತಂಪು. ಅವರು ಒಳಗೆ ನಿಂತು ಕಾದರು. ಕಟ್ಟೆಯ ಮೇಲಿಂದ ಮೆಲ್ಲಗೆ ಬಂತು: "ಎರಡ ಒಂದ್ಲೆ ಎರಡು... ಎರಡ ಎರಡ್ಲೆ ನಾಕು..."

ರುಕ್ಮವ್ವ ಗಂಡನ ತೋಳು ಹಿಡಿದಳು.

"ಗಾಳಿ ಇದ್ದೀತು, ಮತ್ತೇನರೆ ಇದ್ದೀತು. ನನಗ ಗೊತ್ತಿಲ್ರಿ," ಎಂದಳು ಅಕ್ಕುತಾಯಿ. "ಆದ್ರ ಆ ಕಟ್ಟಿ ಮ್ಯಾಲ ಯಾರು ಕೂಡತಿದ್ರು ಅನ್ನೂದು ಗೊತ್ತೈತಿ. ಈ ಸಾಲಿಗೆ ಕಲ್ಲ ಹೊತ್ತವರಾಗ ನಮ್ಮಪ್ಪನ ಅಪ್ಪ, ಮುತ್ಯಾ ಧೂಳಪ್ಪನೂ ಒಬ್ಬಾಂವ. ಸಾಲಿ ಸುರು ಆದ ಮ್ಯಾಲ ನಿಮ್ಮ ಮನಿ ಹುಡುಗರು ಒಳಗ ಕುಂತ್ರು. ನಮ್ಮ ಕೇರಿ ಹುಡುಗರನ್ನ ಒಳಗ ಬಿಡಲಿಲ್ಲ. ಮಳಿ ಇರಲಿ, ಬಿಸಲ ಇರಲಿ, ಆ ಕಟ್ಟಿ ಮ್ಯಾಲ. ನಮ್ಮಪ್ಪ ಮಗ್ಗಿ ಕಲ್ತದ್ದು ಕಿಡಕ್ಯಾಗಿಂದ ಕೇಳಿ."

"ನಮ್ಮಪ್ಪ ಒಳಗ ಕುಂತಾಂವ," ಎಂದ ಲಗಮಣ್ಣ. "ಇದನ್ನ ಒಂದ ದಿನಾನೂ ಹೇಳಲಿಲ್ಲ."

"ಅದಕ್ಕ ಕೆಡವಬ್ಯಾಡ್ರಿ ಅಂತೀನಿ. ಕಲ್ಲ ಹೋದ್ರ ಕಟ್ಟಿನೂ ಹೋಗತೈತಿ. ನಾಳೆ, ಹಂಗ ಆಗೇ ಇಲ್ಲ ಅಂತಾರ."

ಮಗ್ಗಿ ನಡೆದೇ ಇತ್ತು. ರುಕ್ಮವ್ವ ಗಂಡನ ತೋಳು ಬಿಟ್ಟು ಹೊಸ್ತಿಲ ತನಕ ಹೋದಳು. ಖಾಲಿ ಕಟ್ಟೆಯ ಕಡೆ ನೋಡಿ, "ಬರ್ರಿಪಾ, ಒಳಗ ಬರ್ರಿ," ಎಂದಳು.

ಧ್ವನಿ ನಿಂತಿತು. ಮರುಕ್ಷಣ ಅದು ಕೋಣೆಯೊಳಗೆ, ಅವರ ಬೆನ್ನ ಹಿಂದೆಯೇ ಕೇಳಿಸಿತು: "ಎರಡ ಹತ್ಲೆ ಇಪ್ಪತ್ತು."

ಮೂವರಲ್ಲಿ ಯಾರೂ ತಿರುಗಿ ನೋಡಲಿಲ್ಲ. ಆಮೇಲೆ ಎಲ್ಲ ಸುಮ್ಮನಾಯಿತು.

ಲಗಮಣ್ಣ ಅಂದೇ ಪಂಚಾಯಿತಿಗೆ ಹೋಗಿ ಕಲ್ಲು ಬೇಡವೆಂದ. ಮಳೆಗಾಲಕ್ಕೆ ಮುಂಚೆ ಊರವರೂ ಕೇರಿಯವರೂ ಸೇರಿ ಒಡೆದ ಹೆಂಚು ಬದಲಿಸಿದರು. ಗೋಡೆಯ ಸಂದಿಗೆ ಬೇರಿಳಿಸಿದ್ದ ಅರಳಿ ಸಸಿ ಕಿತ್ತು, ಸುಣ್ಣ ಬಳಿದರು. ಕಟ್ಟೆಯನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟರು. ಸಂಜೆಯ ಅಕ್ಷರ ತರಗತಿ ಅಲ್ಲೇ ಶುರುವಾಯಿತು. ರುಕ್ಮವ್ವ, ಕೇರಿಯ ಹೆಂಗಸರು, ಎಲ್ಲರೂ ಒಂದೇ ಜಮಖಾನೆಯ ಮೇಲೆ ಕುಳಿತರು.

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮೂರ ಹಳೇ ಶಾಲೆಯ ಕಲ್ಲು ಕೀಳಬೇಡಿ. ಮಳೆ ಬರುವ ಮೊದಲು ಅದರ ಮಾಡು ನೋಡಿ. ಅದನ್ನು ಯಾರು ಕಟ್ಟಿದರು, ಒಳಗೆ ಯಾರು ಕುಳಿತರು, ಹೊರಗೆ ಯಾರು ಉಳಿದರು ಎಂದು ಹಿರಿಯರನ್ನು ಇವತ್ತೇ ಕೇಳಿ. ಕೇಳಿದ್ದನ್ನು ಮಕ್ಕಳಿಗೆ ಹೇಳಿ.