ಕೂರಲೊಲ್ಲದ ಮೆಹಜಬೀನ

ಗಂಗಾವತಿಯಿಂದ ಕೊಪ್ಪಳಕ್ಕೆ ಹೊರಡುವ ಬೆಳಗಿನ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕೂರದ ಜೀವವೆಂದರೆ ಮೆಹಜಬೀನ ಒಬ್ಬಳೇ. "ಕುಂದರ್ರಿ ಅಕ್ಕಾರ, ಕುಂದ್ರಾಕೂ ಸೇರಿಸೇ ಟಿಕೆಟ್ ಕೊಟ್ಟೀನಿ" ಎಂದು ಕಂಡಕ್ಟರ್ ದಿನವೂ ಕೆಣಕುತ್ತಿದ್ದ. ಅವಳು ಡ್ರೈವರನ ಹಿಂದಿನ ಕಂಬ ಹಿಡಿದು, ಗೇರು ಬದಲಾದಾಗಲೆಲ್ಲ ತಾನೇ ಕ್ಲಚ್ಚು ತುಳಿದವಳಂತೆ ಎಡಗಾಲನ್ನು ಒತ್ತುತ್ತ, ಎಂಜಿನ್ನಿನ ಸದ್ದು ಕೊಂಚ ಒಡೆದರೆ ಹುಬ್ಬು ಗಂಟಿಕ್ಕುತ್ತ, ಇಡೀ ದಾರಿಯನ್ನು ನಿಂತೇ ಕಳೆಯುತ್ತಿದ್ದಳು. ಮೈಮೇಲೆ ಕಾಲೇಜು ವರ್ಕ್‌ಶಾಪಿನ ಖಾಕಿ ಕೋಟು. ಮಿಕ್ಕ ವಿದ್ಯಾರ್ಥಿಗಳು ಅದನ್ನು ಲ್ಯಾಬಿನ ಬಾಗಿಲಲ್ಲಿ ತೊಟ್ಟು ಬಾಗಿಲಲ್ಲೇ ಕಳಚುವವರು. ಇವಳು ಮನೆಯಲ್ಲೇ ತೊಟ್ಟು ಹೊರಟರೆ ಸಂಜೆ ತಾಯಿ ರಜಿಯಾಬೇಗಂ ಒಗೆಯಲೆಂದು ಕಸಿದುಕೊಳ್ಳುವವರೆಗೂ ಬಿಚ್ಚುತ್ತಿರಲಿಲ್ಲ.

ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೇರುತ್ತೇನೆಂದಾಗ, ಬಜಾರದಲ್ಲಿ ಬಟ್ಟೆ ಅಂಗಡಿ ನಡೆಸುವ ತಂದೆ ಮುರ್ತುಜಾಸಾಬರು ಮೆಲ್ಲಗೆ ಕೇಳಿದ್ದರಂತೆ, ಎಲ್ಲರ ಮಕ್ಕಳಂತೆ ಕಂಪ್ಯೂಟರ್ ಯಾಕೆ ಬೇಡವೆಂದು. "ಅದಕ್ಕ ಕುಂದರಬೇಕಲ್ಲ, ಅಬ್ಬಾ" ಎಂದಿದ್ದಳು ಮಗಳು. ವಾದ ಅಲ್ಲಿಗೇ ಮುಗಿಯಿತು. ಆದರೆ ಕೂರದವರಿಗೆ ಪರೀಕ್ಷೆಗಳು ದಯೆ ತೋರುವುದಿಲ್ಲ. ಉಷ್ಣಶಾಸ್ತ್ರದ ಪ್ರಶ್ನೆಗೆ ಅರ್ಧ ಉತ್ತರ ಬರೆಯುವಷ್ಟರಲ್ಲಿ ಮುಂದಿನ ಪ್ರಶ್ನೆ ಅವಳನ್ನು ಕೈಹಿಡಿದು ಎಳೆಯುತ್ತಿತ್ತು. ಹೀಗಾಗಿ ಕೊನೆಯ ಸೆಮಿಸ್ಟರಿಗೆ ಬಂದಾಗ ಅವಳ ಅಂಕಗಳು ಡಿಸ್ಟಿಂಕ್ಷನ್ನಿನ ಹೊಸ್ತಿಲ ಮೇಲೆ, ಒಳಗೂ ಅಲ್ಲದೆ ಹೊರಗೂ ಅಲ್ಲದೆ ನಿಂತಿದ್ದವು. ಹೊಸ್ತಿಲು ದಾಟಿದರೆ ಕೊಪ್ಪಳದ ಹತ್ತಿರದ ಉಕ್ಕಿನ ಕಾರ್ಖಾನೆಯೊಂದರಲ್ಲಿ ತರಬೇತಿ ಇಂಜಿನಿಯರಿನ ಹುದ್ದೆ ಅವಳಿಗೆ, ದಾಟದಿದ್ದರೆ ಇಲ್ಲ. ದಾಟಿಸಬೇಕಾದದ್ದು ಪ್ರಾಜೆಕ್ಟು.

ಪ್ರಾಜೆಕ್ಟಿಗೆ ಒಂದು ಸುಲಭದ ಸಂಪ್ರದಾಯವಿದೆ. ದೊಡ್ಡ ಊರುಗಳಲ್ಲಿ ಸಿದ್ಧ ಯಂತ್ರಗಳು ಸಿಗುತ್ತವೆ; ತಂದು, ಬಣ್ಣ ಬಳಿದು, ಹೆಸರು ಅಂಟಿಸಿದರೆ ವಿದ್ಯೆ ಪೂರ್ಣವಾಯಿತು. ಅವಳ ಜೊತೆಗಾರ, ಯಲಬುರ್ಗಾ ಕಡೆಯ ಸಮಾಧಾನಿ ಹುಡುಗ ಕೊಟ್ರೇಶ, ಅದನ್ನೇ ಸೂಚಿಸಿದ. ಮೆಹಜಬೀನ ಒಪ್ಪಲಿಲ್ಲ. ಆನೆಗೊಂದಿಯ ಹೆಂಗಸರು ಬಾಳೆದಿಂಡಿನ ಪಟ್ಟೆಯನ್ನು ಮೊಂಡು ಚೂರಿಯಿಂದ ಕೆರೆದು ಕೆರೆದು ನಾರು ತೆಗೆಯುವುದನ್ನು ಒಮ್ಮೆ ನೋಡಿ ಬಂದವಳಿಗೆ ಆ ನಿಧಾನವೇ ತಡೆಯಲಾಗಿರಲಿಲ್ಲ. ಅಲಗುಗಳಿರುವ ಒಂದು ಉರುಳೆ, ಅದನ್ನು ತಿರುಗಿಸಲು ಮೋಟಾರು, ಪಟ್ಟೆ ಹಿಡಿದು ತಳ್ಳಲು ಒಂದು ಬಾಯಿ: ಯಂತ್ರ ಕಾಲೇಜಿನಲ್ಲಿ ಚೆನ್ನಾಗಿಯೇ ಓಡಿತು. ವೈವಾ ಪರೀಕ್ಷೆ ಮುಗಿದ ಕೂಡಲೇ ಅದನ್ನು ಆನೆಗೊಂದಿಯ ಹೆಂಗಸರಿಗೆ ಹಸ್ತಾಂತರಿಸುವ ಸಮಾರಂಭವೂ ಗೊತ್ತಾಯಿತು. ಹಾರ, ಫೋಟೋ, ಎಲ್ಲ ಸಿದ್ಧ.

ವೈವಾದ ಹಿಂದಿನ ದಿನ ಯಂತ್ರಕ್ಕೆ ಬಟ್ಟೆ ಹೊದಿಸಿ ಸುಮ್ಮನಿರಿ ಎಂದರು ಪ್ರಾಜೆಕ್ಟು ನೋಡಿಕೊಳ್ಳುವ ಮೇಷ್ಟ್ರು. ಸುಮ್ಮನಿರುವುದೊಂದನ್ನು ಬಿಟ್ಟು ಬೇರೇನು ಹೇಳಿದ್ದರೂ ಅವಳು ಕೇಳುತ್ತಿದ್ದಳೋ ಏನೋ! ಹೆಂಗಸರ ಕೈಯಲ್ಲೇ ಓಡಿಸಿ ನೋಡಲೆಂದು ಯಂತ್ರವನ್ನು ಗೂಡ್ಸ್ ಆಟೋಕ್ಕೆ ಏರಿಸಿ, ಕೊಟ್ರೇಶನನ್ನೂ ಎಳೆದುಕೊಂಡು, ಮಧ್ಯಾಹ್ನದ ಹೊತ್ತಿಗೆ ಆನೆಗೊಂದಿ ಸೇರಿದಳು. ಹೆಂಗಸರ ಮುಖ್ಯಸ್ಥೆ ಗುರುಲಿಂಗಮ್ಮ ತನ್ನ ಗದ್ದೆಯ ಪಂಪ್‌ಸೆಟ್ಟಿನ ಕರೆಂಟು ಕೊಟ್ಟಳು. ಅಂದು ಬೆಳಿಗ್ಗೆಯಷ್ಟೇ ಅಲ್ಲಿ ಹರಿದ ಕರೆಂಟು ತಂತಿಯನ್ನು ಲೈನ್‌ಮನ್ನರು ಕಟ್ಟಿ ಹೋಗಿದ್ದರು. ತಂತಿ ಕಟ್ಟಿದ ಮೇಲೆ ಫೇಸು ಅದಲುಬದಲಾಗಿ ಮೋಟಾರು ಉಲ್ಟಾ ತಿರುಗುವುದು, ಪಂಪು ನೀರೆತ್ತದಿರುವುದು, ಎರಡು ವೈರು ಬದಲಿಸಿ ಸರಿಮಾಡುವುದು ನಾಲೆಯ ಸೀಮೆಯ ಕೂಸಿಗೂ ಗೊತ್ತು. ಮೊದಲು ಖಾಲಿ ಓಡಿಸಿ ದಿಕ್ಕು ನೋಡಬೇಕು. ಮೆಹಜಬೀನಳಿಗೂ ಗೊತ್ತಿತ್ತು. ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

"ಹಾಕ್ರಿ ಅಮ್ಮಾ, ಹಾಕ್ರಿ" ಎಂದಳು; ಗುರುಲಿಂಗಮ್ಮ ಪಟ್ಟೆಯನ್ನು ಬಾಯಿಗಿಟ್ಟಳು. ಪಟ್ಟೆಯನ್ನು ಕೆರೆಯುತ್ತ ಹೊರಕ್ಕೆ ತಳ್ಳಬೇಕಾದ ಉರುಳೆ ಉಲ್ಟಾ ತಿರುಗಿ ಒಳಕ್ಕೆಳೆಯಿತು. ಪಟ್ಟೆಯ ಹಿಂದೆಯೇ ಕೈ ಹೋಯಿತು. ಕೊಟ್ರೇಶ ಹಾರಿ ಸ್ವಿಚ್ಚು ತೆಗೆದಾಗ ಗುರುಲಿಂಗಮ್ಮನ ಹಸಿರು ಬಳೆಗಳು ಬಾಯಿಯ ಅಂಚಿಗೆ ಬಡಿದು ಪುಡಿಯಾಗಿ, ಮಣಿಕಟ್ಟಿನ ಮೇಲೆ ರಕ್ತ ಜಿನುಗುತ್ತಿತ್ತು. ಬೆರಳುಗಳು ಉಳಿದಿದ್ದವು. ದೇವರು ದೊಡ್ಡವನು.

ಗಾಯ ತೊಳೆದು ಕಟ್ಟಿದ ಮೇಲೆ ಕೊಟ್ರೇಶ ಎರಡು ವೈರು ಬದಲಿಸಿದ. ನಾರು ಬೆಳ್ಳಗೆ, ಉದ್ದುದ್ದವಾಗಿ ಬಂತು, ಹೆಂಗಸರು ನಕ್ಕರು, ಗಾಯವಾದ ಗುರುಲಿಂಗಮ್ಮನೂ ನಕ್ಕಳು.

"ಆತಲ್ಲ, ನಡೀತೈತಿ ಬಿಡು" ಎಂದ ಕೊಟ್ರೇಶ.

"ನಾಳೆ ಮತ್ತ ತಂತಿ ಹರಿತೈತಿ, ಮತ್ತ ಕಟ್ತಾರ. ನನ್ನಂಥಾ ಅವಸರದಾಕಿ ಇನ್ನೊಬ್ಬಾಕಿ ಬರ್ತಾಳ. ಆವಾಗ?"

"ವೈವಾ ಮುಗೀಲಿ, ಆಮ್ಯಾಲೆ ನೋಡೋಣು."

"ವೈವಾ ಮುಗಿದ ಕೂಡ್ಲೇ ಕೊಟ್ಟ ಬಿಡ್ತಾರಲ್ಲೋ. ಆಮ್ಯಾಲೆ ಇತ್ತ ಕಡೆ ಯಾರ್ ಬರ್ತಾರ, ನೀ ಬರ್ತಿ?"

ಕೊಟ್ರೇಶ ಸುಳ್ಳು ಹೇಳುವವನಲ್ಲ, ಯಂತ್ರವನ್ನು ಆಟೋಕ್ಕೆ ಏರಿಸಲು ಕೈಹಚ್ಚಿದ. ಅವಳು ಯಂತ್ರವನ್ನು ಕಾಲೇಜಿಗೆ ತಂದು ಬಾಯಿಯ ತಗಡನ್ನೇ ಕತ್ತರಿಸಿ ತೆಗೆದಳು. ಉರುಳೆ ಯಾವ ದಿಕ್ಕಿಗೆ ತಿರುಗಿದರೂ ಪಟ್ಟೆ ಮಾತ್ರ ಹೋಗಬೇಕು, ಕೈ ಹೋಗಬಾರದು, ಅಷ್ಟು ಕಿರಿದಾದ, ಆಳವಾದ ಬಾಯಿ ಬೇಕಿತ್ತು. ಕೆಲಸ ಸಂಜೆಗೆ ಮುಗಿಯಲಿಲ್ಲ. ಮರುದಿನ ಬೆಳಿಗ್ಗೆಗೂ ಮುಗಿಯಲಿಲ್ಲ.

ವೈವಾಕ್ಕೆ ಬಂದ ಪರೀಕ್ಷಕರ ಮುಂದೆ ಯಂತ್ರ ಬಿಡಿಬಿಡಿಯಾಗಿ ಮೇಜಿನ ಮೇಲೆ ಬಿದ್ದಿತ್ತು. "ಇದು ಓಡೂದಿಲ್ಲೇನಮ್ಮ?" ಎಂದರು ಅವರು.

"ನಿನ್ನೆ ಓಡ್ತಿತ್ರಿ ಸರ್. ಅದಕ್ಕ ಬಿಚ್ಚೇನ್ರಿ."

ನಡೆದದ್ದನ್ನು, ತನ್ನ ತಪ್ಪನ್ನೂ ಸೇರಿಸಿ, ಪೂರ್ತಿ ಹೇಳಿದಳು. ಪರೀಕ್ಷಕರು ತಲೆಯಾಡಿಸಿದರು, ಆದರೆ ಓಡದ ಯಂತ್ರಕ್ಕೆ ಕೊಡುವಷ್ಟೇ ಅಂಕ ಕೊಟ್ಟರು. ಅವರನ್ನು ದೂರುವಂತಿಲ್ಲ. ಸಮಾರಂಭ ನಿಂತಿತು, ಡಿಸ್ಟಿಂಕ್ಷನ್ ಹೋಯಿತು, ಕಾರ್ಖಾನೆಯ ಹುದ್ದೆಯೂ ಹೋಯಿತು. ಕೊಟ್ರೇಶ ಬಹಳ ದಿನ ಮಾತು ಬಿಟ್ಟ. ಅವನ ಅಂಕಗಳೂ ಹೋಗಿದ್ದವಲ್ಲ! ಮೆಹಜಬೀನ ಅಂದು ಅಡುಗೆಮನೆಯ ಗೋಡೆಗೊರಗಿ, ಮೊದಲ ಸಲ ಕೂತು, ಬಿಕ್ಕಿ ಬಿಕ್ಕಿ ಅತ್ತಳು. ಕೂತಿದ್ದನ್ನು ಕಂಡೇ ತಾಯಿ ಗಾಬರಿಯಾದರು.

ಫಲಿತಾಂಶ ಬಂದ ಮೇಲೆ, ಯಾರೂ ಕೇಳದಿದ್ದರೂ, ಅವಳು ಹೊಸ ಬಾಯಿ ಜೋಡಿಸಿದ ಯಂತ್ರವನ್ನು ಆನೆಗೊಂದಿಗೆ ಮುಟ್ಟಿಸಿ ಬಂದಳು. ಹಾರವಿಲ್ಲ, ಫೋಟೋ ಇಲ್ಲ. ಕೆಲಸವಿನ್ನೂ ಸಿಕ್ಕಿಲ್ಲ, ಹುಡುಕುತ್ತ ಅಲೆಯುತ್ತಿದ್ದಾಳೆ.

ಇಂಥ ಚಡಪಡಿಕೆಯ ಜನ ಮನೆಯವರಿಗೆ ತಲೆನೋವು, ಗೆಳೆಯರಿಗೆ ನಷ್ಟ. ಅವಸರದಲ್ಲಿ ತಪ್ಪು ಮಾಡುವವರೂ ಅವರೇ. ಎಲ್ಲರೂ ಕೈ ಒರೆಸಿಕೊಂಡು ಎದ್ದುಹೋದ ಮೇಲೆ ಆ ತಪ್ಪಿನ ಸುತ್ತ ನಿದ್ದೆಗೆಟ್ಟು ಸುತ್ತುವವರೂ ಅವರೇ. ಆಗದೆ ಹೋದ ಅವಘಡಕ್ಕೆ ಸಾಕ್ಷಿಯಿಲ್ಲ, ಆದ್ದರಿಂದ ಅವರಿಗೆ ಹೊಗಳಿಕೆಯೂ ಇಲ್ಲ. "ಏನ್ ಬಾಯಿ ಮಾಡ್ಯಾಳವ್ವ ಈಕಿ, ಕೈನ ಹೋಗವಲ್ದು ಇದರಾಗ" ಎಂದು ಗುರುಲಿಂಗಮ್ಮ ಇವತ್ತಿಗೂ ಬೈಯುತ್ತಾಳೆ. ಬೈಯುತ್ತಲೇ, ಹತ್ತೂ ಬೆರಳು ಆಡಿಸಿ ನಾರು ಹೊಸೆಯುತ್ತಾಳೆ.