ಹೊಂದಿದ ರಕ್ತ

"ಬರೇ ಒಂದು ಕಣ ಕೆಟ್ಟರ ಇಷ್ಟೆಲ್ಲಾ ಆಗ್ತೈತೇನ್ರಿ?"

ಗಂಡಿನ ತಂದೆ ಚೂಡಾ ಅಗಿಯುತ್ತಲೇ ಕೇಳಿದರು. ನೀಲಾ ಅವರ ಬಾಯಿಯನ್ನೇ ನೋಡಿದಳು. ಅವಲಕ್ಕಿ ಹಲ್ಲಿಗೆ ಮೆತ್ತಿಕೊಂಡಿತ್ತು.

"ಆಗ್ತೈತಿ," ಅಂದಳು.

ಹೈದರಾಬಾದಿನ ಸಂಶೋಧನಾಲಯವೊಂದರಲ್ಲಿ ರಕ್ತಕಣಗಳ ವಂಶವಾಹಿ ಓದುವುದು ಅವಳ ಕೆಲಸ. ಇವತ್ತು ರಜೆ ಹಾಕಿಸಿ ಅವಳನ್ನು ಅದೇ ಊರಿನ ಲಿಂಗಂಪಲ್ಲಿಯ ತನ್ನ ಮನೆಗೆ ಕರೆಸಿದ್ದು ಬಂಡೆಪ್ಪ ಕಾಕಾ. ಅವನ ಮಗಳು ಶಿವದೇವಿಯನ್ನು ನೋಡಲು ಗುಲ್ಬರ್ಗಾದಿಂದ ಗಂಡಿನ ಕಡೆಯವರು ಬಂದಿದ್ದರು. ಕಾಕಾನ ಮಗ ವೈಜನಾಥನಿಗೆ ರಕ್ತದ ಕ್ಯಾನ್ಸರ್ ಎಂಬ ಸುದ್ದಿ ಆಗಲೇ ಗುಲ್ಬರ್ಗಾ ಮುಟ್ಟಿತ್ತು. ಅದು ವಂಶದ ರೋಗವಲ್ಲವೆಂದು ವಿಜ್ಞಾನಿಯ ಬಾಯಿಂದ ಹೇಳಿಸಬೇಕಿತ್ತು.

ಅವಳು ಹೇಳಿದಳು. ಎಲುಬಿನ ಮಜ್ಜೆಯಲ್ಲಿ ರಕ್ತಕಣ ಹುಟ್ಟಿ, ಬಲಿತು, ಹೊರಬರುತ್ತದೆ. ಬಲಿಯುವುದನ್ನು ಕಲಿಸುವ ವಂಶವಾಹಿಯಲ್ಲೇ ತಪ್ಪಾದರೆ ಕಣ ಬಲಿಯುವುದಿಲ್ಲ; ಸಾಯುವುದೂ ಇಲ್ಲ. ತನ್ನಂಥದನ್ನೇ ಹಡೆಯುತ್ತ ಜಾಗವೆಲ್ಲ ತುಂಬಿಬಿಡುತ್ತದೆ. ಒಳ್ಳೆಯ ಕಣಗಳಿಗೆ ಹುಟ್ಟಲೂ ಎಡೆಯಿರುವುದಿಲ್ಲ. ಈ ತಪ್ಪು ವೈಜನಾಥ ಹುಟ್ಟಿದ ಮೇಲೆ ಅವನೊಬ್ಬನ ಮಜ್ಜೆಯಲ್ಲಿ ಆದದ್ದು. ತಂದೆತಾಯಿಯಿಂದ ಬಂದದ್ದಲ್ಲ.

ಎಲ್ಲ ನಿಜವೇ. ಆದರೂ ಬುಟ್ಟಿಯ ಹಣ್ಣನ್ನು ಒತ್ತಿ ತೋರಿಸಿ ಮಾರುವವಳ ದನಿ ತನ್ನದೆನಿಸಿ ಹೇಸಿಗೆಯಾಯಿತು.

"ಹುಡುಗಿ ರಕ್ತ ತಪಾಸ ಮಾಡೀರೇನ್ರಿ?" ಗಂಡಿನ ತಂದೆ ಕೇಳಿದರು.

"ಮಾಡೀವಿ. ಚೊಲೊ ಐತಿ," ಅಂದಳು ನೀಲಾ.

ಯಾಕೆ ಮಾಡಿದ್ದೆಂದು ಹೇಳಲಿಲ್ಲ. ಶಿವದೇವಿಯ ಮಜ್ಜೆ ಅಣ್ಣನಿಗೆ ಪೂರಾ ಹೊಂದಿತ್ತು. ಡಾಕ್ಟರು ಈ ತಿಂಗಳೇ ಕೊಡಿಸಿ ಅಂದಿದ್ದರು. ಕಾಕಾ ಲಗ್ನ ಮುಗಿಯಲಿ ಅಂದಿದ್ದ.

"ಅಣ್ಣಗ ಈಕಿ ಏನರ ಕೊಡೂದೈತೇನು? ಎಲುಬಿನಾಗಿಂದು ತೆಗೀತಾರಂತ ಕೇಳೇನಿ." ಗಂಡಿನ ತಂದೆ ಮತ್ತೆ ಕೇಳಿದರು.

ಕಾಕಾ ನೀಲಾಳ ಕಡೆ ನೋಡಿದ. ಬಾಗಿಲಲ್ಲಿ ನಿಂತಿದ್ದ ಶಿವದೇವಿಯೂ ನೋಡಿದಳು.

"ಅಂಥಾದ್ದೇನಿಲ್ರಿ," ಅಂದ ಕಾಕಾ.

ನೀಲಾ ಚಹಾ ಗುಟುಕರಿಸಿದಳು. ತಣ್ಣನೆಯ ಕೆನೆ ನಾಲಿಗೆಗೆ ಅಂಟಿತು. ಎದ್ದು ಒಳಗೆ ಹೋದಳು.

ಹಿಂದಿನ ಕೋಣೆಯಲ್ಲಿ, ಬಂದವರ ಕಣ್ಣಿಗೆ ಬೀಳದಂತೆ, ವೈಜನಾಥನನ್ನು ಕೂಡಿಸಿದ್ದರು. ಟವೆಲ್ಲಿನಿಂದ ಮೂಗು ಒತ್ತಿಕೊಂಡಿದ್ದ. ರಕ್ತ ನಿಂತಿರಲಿಲ್ಲ.

"ನನ್ನ ಕರೀಬಾರದೇನು?"

"ಮಂದಿ ಅದಾರಲ್ಲ. ಒಪ್ಪಿದ್ರೇನಕ್ಕಾ?"

"ಹಂಗ ಕಾಣ್ತೈತಿ."

"ಲಗ್ನ ಯಾವಾಗಂತ?"

"ಗೊತ್ತಿಲ್ಲ. ತಲಿ ಮುಂದ ಬಗ್ಗಸು."

ಅವನ ಮೂಗು ಹಿಂಡಿ ಹಿಡಿದಳು. ಬೆವರು, ಔಷಧ, ಹಸಿ ರಕ್ತ, ಎಲ್ಲ ಸೇರಿದ ವಾಸನೆ. ತನಗೆ ಅವನ ಮೇಲೂ ಹೇಸಿಗೆಯಾಗುತ್ತಿದೆಯೆಂದು ಗೊತ್ತಾದಾಗ ಕೈ ತೆಗೆದಳು; ಬೆರಳಿಗೆ ರಕ್ತ ಹತ್ತಿತ್ತು.

"ನೀಲಾ, ಹೊರಗ ಬಾರವ್ವ! ಒಪ್ಪಿದ್ರು!" ಕಾಕಾ ಕೂಗಿದ.

ಹೊರಬಂದು ಬಾಗಿಲು ಎಳೆದುಕೊಂಡಳು. ಹಣೆಯ ಬೆವರು ಒರೆಸಿಕೊಂಡಳು.

ಗಂಡಿನ ತಾಯಿ ಬಟ್ಟಲು ಹಿಡಿದು ಹೆಂಗಸರಿಗೆ ಕುಂಕುಮ ಹಚ್ಚುತ್ತಿದ್ದಳು. ನೀಲಾಳ ಮುಂದೆ ಬಂದವಳು ಬೆರಳು ಹಿಂತೆಗೆದಳು.

"ನಿಮಗ ಆಗಲೇ ಹಚ್ಯಾರಲ್ರಿ," ಎಂದು ನಕ್ಕಳು.

ನೀಲಾ ಕೈಯನ್ನು ಸೆರಗಿನೊಳಗೆ ಸರಿಸಿಕೊಂಡಳು. "ಹೌದ್ರಿ," ಅಂದಳು.

ಶಿವದೇವಿ ಮಾತ್ರ ಅವಳ ಹಣೆಯಿಂದ ಕಣ್ಣು ಕೀಳಲಿಲ್ಲ. ಅಲ್ಲಿದ್ದ ಕೆಂಪು, ಬೆವರಿನೊಡನೆ ಕಲೆತು, ನಿಧಾನ ಹುಬ್ಬಿನತ್ತ ಇಳಿಯತೊಡಗಿತ್ತು.