ತಲೆಗೆ ನೂರು ವ್ಯಾಟ್

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮನೆಯ ಬಾಗಿಲು ಬೆಳಿಗ್ಗೆ ಎಂಟಕ್ಕೆ ಮುಚ್ಚಿದರೆ ಮತ್ತೆ ತೆರೆಯುವುದು ಸಂಜೆ ಏಳಕ್ಕೆ. ನಡುವೆ ಯಾರಾದರೂ ಬಂದರೆ ಕಿಟಕಿಯಲ್ಲಿ ಮಾತಾಡಬೇಕು. ಕಿಟಕಿಯೂ ಮುಚ್ಚಿರುವುದರಿಂದ ಫೋನಿನಲ್ಲಿ ಮಾತಾಡಬೇಕು. ಅನ್ನಪೂರ್ಣೇಶ್ವರಿ ನಗರದ ನಮ್ಮ ರಸ್ತೆಗೆ ಹೊಸದಾಗಿ ಬಂದವರು ಇದು ಖಾಲಿ ಮನೆ ಎಂದುಕೊಂಡು, ಬಾಡಿಗೆಗೆ ಕೊಡುತ್ತಾರಾ ಎಂದು ಎದುರು ಮನೆಯ ನರಸಮ್ಮನವರನ್ನು ವಿಚಾರಿಸಿದ್ದುಂಟು.

ಇದು ನಮ್ಮನೆಯವರ ಕಾನೂನು. ವೆಂಕಟಗಿರಿ ಎಂದು ಅವರ ಹೆಸರು. ಪೀಣ್ಯದ ಒಂದು ಐಸ್‌ಕ್ರೀಮ್ ಗೋದಾಮಿನಲ್ಲಿ ಮೂವತ್ತೊಂದು ವರ್ಷ ಕೋಲ್ಡ್ ರೂಮ್ ನೋಡಿಕೊಂಡವರು. ರಿಟೈರ್ ಆದ ಮೇಲೆ ಮನೆ ಕಟ್ಟಿಸುವಾಗ ಬೇರೆಯವರು ಗ್ರಾನೈಟ್ ಹುಡುಕಿಕೊಂಡು ಅಲೆಯುವಂತೆ ಇವರು ಟೊಳ್ಳು ಇಟ್ಟಿಗೆ ಹುಡುಕಿಕೊಂಡು ಅಲೆದರು. ತಾರಸಿಗೆ ನಾಲ್ಕು ಬೆರಳು ದಪ್ಪದ ಫೋಮ್ ಹಲಗೆ, ಅದರ ಮೇಲೆ ಬಿಳಿ ಟೈಲ್ಸ್. ಕಿಟಕಿಗೆ ಪರದೆ ಒಳಗಲ್ಲ, ಹೊರಗೆ. ಬಿಸಿಲು ಒಂದು ಸಲ ಗಾಜು ದಾಟಿದ ಮೇಲೆ ಪರದೆ ಎಳೆದು ಪ್ರಯೋಜನವಿಲ್ಲವಂತೆ. ರಾತ್ರಿಯಿಡೀ ಕಿಟಕಿ ತೆರೆದಿಟ್ಟು ತಂಪು ತುಂಬಿಕೊಳ್ಳಬೇಕು, ಹಗಲು ಅದು ಚೆಲ್ಲದ ಹಾಗೆ ನೋಡಿಕೊಳ್ಳಬೇಕು. ಅಡುಗೆ ಎಂಟರೊಳಗೆ ಮುಗಿಯಬೇಕು. ಎಂಟರ ಮೇಲೆ ಕುಕ್ಕರ್ ಕೂಗಿದರೆ ಅವರ ಮುಖ ನೋಡುವ ಹಾಗಿರುವುದಿಲ್ಲ. ಸಂಜೆ ದೀಪ ಹಚ್ಚಿ ಬಾಗಿಲು ತೆರೆಯುವ ವಿಷಯದಲ್ಲಿ ಮಾತ್ರ ನಾನು ಜಗ್ಗಲಿಲ್ಲ. ಆರೂವರೆಗೆ ಲಕ್ಷ್ಮಿ ಬರುವ ಹೊತ್ತು ಎಂದು ಒಂದು ವಾರ ಜಗಳವಾಡಿದೆ. ಕೊನೆಗೆ ಎರಡು ನಿಮಿಷ ಮಂಜೂರಾಯಿತು. ಲಕ್ಷ್ಮಿ ಚುರುಕಾಗಿದ್ದರೆ ಅಷ್ಟರಲ್ಲಿ ಒಳಗೆ ಬರಬೇಕು.

ಸುಳ್ಳು ಯಾಕೆ ಹೇಳಲಿ, ಮನೆಯೇನೋ ತಂಪಾಗಿತ್ತು. ಹೊರಗೆ ಮೂವತ್ತೆಂಟು ಡಿಗ್ರಿ ಇದ್ದರೆ ಹಾಲ್‌ನಲ್ಲಿ ಇಪ್ಪತ್ತೆಂಟು, ಅದೂ ಎಸಿ ಇಲ್ಲದೆ. ಗೋಡೆಯ ಮೇಲಿನ ಥರ್ಮಾಮೀಟರನ್ನು ನಮ್ಮನೆಯವರು ಮೊಮ್ಮಗುವಿನ ಫೋಟೊ ನೋಡಿದ ಹಾಗೆ ನೋಡುತ್ತಿದ್ದರು.

ತಾರಸಿಯ ಮೇಲೆ, ನೀರಿನ ಟ್ಯಾಂಕಿನ ಮೂಲೆ ಬಿಟ್ಟು ಉಳಿದೆಲ್ಲ ಜಾಗ ಮುಚ್ಚಿದ ಒಂದು ಶೀಟ್ ಮನೆ ಇದೆ. ಅದರಲ್ಲಿ ಗದಗಿನ ಕಡೆಯ ಫಕೀರೇಶ, ಅವನ ಹೆಂಡತಿ ಸುವರ್ಣಾ ಎರಡು ವರ್ಷದಿಂದ ಬಾಡಿಗೆಗಿದ್ದಾರೆ. ಅವನು ಗಾಡಿಯಲ್ಲಿ ಊಟದ ಡೆಲಿವರಿ ಮಾಡುತ್ತಾನೆ, ಸಂಜೆ ಏಳರ ಹೊತ್ತಿಗೆ ಒಮ್ಮೆ ಮನೆಗೆ ಬಂದು ಹೋಗುತ್ತಾನೆ. ಸುವರ್ಣಾಳಿಗೆ ಆಗ ಏಳು ತಿಂಗಳು. ಏಪ್ರಿಲ್ ಎರಡನೆಯ ವಾರ ಬಟ್ಟೆ ಒಣಹಾಕುತ್ತಿದ್ದವಳು ತಲೆ ಸುತ್ತಿ ನೀರಿನ ಟ್ಯಾಂಕಿನ ಪಕ್ಕ ಬಿದ್ದಳು. ಡಾಕ್ಟರಮ್ಮ ನೋಡಿ, ಸದ್ಯಕ್ಕೆ ಮಗುವಿಗೆ ಏನೂ ಆಗಿಲ್ಲ, ಆದರೆ ಈ ಹುಡುಗಿ ಹಗಲು ಹೊತ್ತು ಶೀಟಿನ ಕೆಳಗೆ ಇರಕೂಡದು, ಇನ್ನೊಂದು ಸಲ ಹೀಗಾದರೆ ಮಗು ಉಳಿಯುತ್ತದೆಂದು ನಾನು ಹೇಳಲಾರೆ ಎಂದರು. ತವರಿಗೆ ಕಳಿಸೋಣವೆಂದರೆ ಅಲ್ಲಿ ಇನ್ನೂ ಬಿಸಿಲು, ರೈಲಿನಲ್ಲಿ ಅಷ್ಟು ದೂರ ಹೋಗುವುದೂ ಬೇಡವೆಂದರು.

ನಾಳೆಯಿಂದ ಅವಳು ಹಗಲು ನಮ್ಮ ಮನೆಯಲ್ಲಿರುತ್ತಾಳೆ ಎಂದು ನಾನು ಹೇಳಿಬಿಟ್ಟೆ, ಯಾರನ್ನೂ ಕೇಳಲು ಹೋಗಲಿಲ್ಲ. ನಮ್ಮನೆಯವರು ಬೇಡ ಎನ್ನಲಿಲ್ಲ. ಎಂಟರೊಳಗೆ ಬರಬೇಕು, ಏಳರ ತನಕ ಹೋಗುವ ಹಾಗಿಲ್ಲ ಎಂದಷ್ಟೇ ಹೇಳಿದರು. ಸುವರ್ಣಾ ಏಳೂಮುಕ್ಕಾಲಿಗೇ ಬಂದು ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಂಡಳು. ಎಷ್ಟು ದಿನದ ನಿದ್ದೆ ಬಾಕಿಯಿತ್ತೋ, ಮಧ್ಯಾಹ್ನದವರೆಗೂ ಎಚ್ಚರವಾಗಲಿಲ್ಲ.

ಮೂರನೆಯ ದಿನ ಹಾಲ್ ಇಪ್ಪತ್ತೊಂಬತ್ತೂವರೆಗೆ ಏರಿತು. ನಮ್ಮನೆಯವರು ಕಿಟಕಿಯ ಸಂದುಗಳನ್ನೆಲ್ಲ ಕೈಯಿಂದ ಮುಟ್ಟಿ ನೋಡಿದರು. ಫ್ರಿಜ್ಜಿನ ಹಿಂದೆ ಹೋಗಿ ನಿಂತರು. ನಾನು ಕದ್ದು ಒಗ್ಗರಣೆ ಹಾಕಿದೆನೇನೋ ಎಂದು ಒಲೆ ಮುಟ್ಟಿದರು. ಎಲ್ಲೂ ತಪ್ಪು ಸಿಗಲಿಲ್ಲ. ಮಧ್ಯಾಹ್ನ ಮೂವರೂ ಊಟಕ್ಕೆ ಕೂತಾಗ ಅವರಿಗೆ ಲೆಕ್ಕ ಹತ್ತಿತು.

"ಒಬ್ಬ ಮನುಷ್ಯ ಅಂದ್ರೆ ನೂರು ವ್ಯಾಟ್ ಬಲ್ಬು ಕಣೇ," ಎಂದರು. "ಕೋಲ್ಡ್ ರೂಮಲ್ಲಿ ಒಬ್ಬ ಲೋಡರ್ ಹೆಚ್ಚಿಗೆ ಹೋದ್ರೂ ನಮಗೆ ಗೊತ್ತಾಗೋದು. ಬಸುರಿ ಅಂದ್ರೆ ನೂರಾ ಇಪ್ಪತ್ತು ಹಿಡೀಬೇಕು."

ಅವರ ಮನಸ್ಸಿನಲ್ಲಿ ಒಂದಿಷ್ಟೂ ಕಲ್ಮಷವಿರಲಿಲ್ಲ, ಅದು ನನಗೆ ಗೊತ್ತು. ತಪ್ಪು ಸಿಕ್ಕಿದ ಸಂತೋಷದಲ್ಲಿ ಇನ್ನೊಂದು ಸೌಟು ಹುಳಿ ಬಡಿಸಿಕೊಂಡರು. ಸುವರ್ಣಾ ಮಾತ್ರ ಅನ್ನ ಕಲೆಸುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು.

ಮಾರನೆಯ ದಿನ ಅವಳು ಬರಲಿಲ್ಲ. ಎಂಟಾಯಿತು, ಎಂಟೂ ಐದಾಯಿತು. ನಾನು ಮೇಲೆ ಹೋದೆ. ಒದ್ದೆ ಸೀರೆಯನ್ನು ಹೊದ್ದುಕೊಂಡು ಗೋಡೆಗೆ ಒರಗಿ ಕೂತಿದ್ದಳು.

"ನಾ ಬಂದ್ರ ಮನಿ ಕಾಯತೈತಂತಲ್ರಿ, ಅಮ್ಮಾರ," ಎಂದಳು. "ಸಾಹೇಬ್ರು ಅಷ್ಟು ಆಸೆ ಪಟ್ಟು ಕಟ್ಸ್ಯಾರ. ನಾ ಇಲ್ಲೇ ಇರ್ತೀನ್ರಿ."

ಎಷ್ಟು ಕರೆದರೂ ಏಳಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಕೆಳಗೆ ಬಂದು ಮೂವತ್ತು ವರ್ಷದಲ್ಲಿ ಆಡದ ಮಾತೆಲ್ಲ ಆಡಿದೆ. ಐಸ್‌ಕ್ರೀಮಿನ ಜೊತೆ ಇದ್ದೂ ಇದ್ದೂ ನಿಮಗೆ ಮನುಷ್ಯರು ಕಾಣುವುದೇ ಇಲ್ಲವೆಂದೆ. ಆ ಮಗುವಿಗೆ ಏನಾದರೂ ಆದರೆ ಈ ತಂಪು ಇಟ್ಟುಕೊಂಡು ನೀವೊಬ್ಬರೇ ಇರಿ ಎಂದೆ. ನಾನು ನಂಬರ್ ಹೇಳಿದ್ದಷ್ಟೇ ಎಂದರು ಅವರು.

ಮರುದಿನ ಬೆಳಿಗ್ಗೆ ಆರಕ್ಕೇ ಸ್ನಾನ ಮಾಡಿ ಬಂದು ಊಟದ ಡಬ್ಬಿ ಕಟ್ಟಿಕೊಡು ಎಂದರು. ಎಲ್ಲಿಗೆ ಎಂದು ಕೇಳಿದೆ.

"ಮನೆ ತಡ್ಕೊಳೋದು ಇಬ್ಬರನ್ನ," ಎಂದರು. "ನನ್ನ ನೂರು ವ್ಯಾಟ್ ಹೊರಗೆ ಹೋಗಲಿ. ನಾನು ಕೆಂಗೇರಿಗೆ ಫ್ರೆಂಡ್ ಮನೆಗೆ ಹೋಗಿದೀನಿ ಅಂತ ಹೇಳಿ ಆ ಹುಡುಗೀನ ಕರ್ಕೊಂಡು ಬಾ."

ಏಳೂಮುಕ್ಕಾಲಿಗೆ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಅವರದೇ ಕಾನೂನು, ಏಳರ ತನಕ ಅವರಿಗೂ ಮನೆಗೆ ಬರುವ ಹಾಗಿಲ್ಲ. ಇದು ಹಟವೋ ಪ್ರಾಯಶ್ಚಿತ್ತವೋ ನನಗೆ ತಿಳಿಯಲಿಲ್ಲ, ಕೇಳುವಷ್ಟು ಕೋಪವೂ ಇಳಿದಿರಲಿಲ್ಲ. ಸಾಹೇಬರು ಕೆಂಗೇರಿಗೆ ಹೋಗಿದ್ದಾರೆ, ಸಂಜೆಯ ತನಕ ಬರುವುದಿಲ್ಲ ಎಂದ ಮೇಲೆ ಸುವರ್ಣಾ ಕೆಳಗೆ ಬಂದಳು. ಹಾಲ್ ಮತ್ತೆ ಇಪ್ಪತ್ತೆಂಟಕ್ಕೆ ಇಳಿಯಿತು. ಸಂಜೆ ಅವರು ಬಂದು ಥರ್ಮಾಮೀಟರ್ ನೋಡಿ ಹೂಂ ಎಂದರು. ಲೈಬ್ರರಿಯಲ್ಲೋ ಪಾರ್ಕಿನಲ್ಲೋ ಕೂತಿರುತ್ತಾರೆಂದು ನಾನಂದುಕೊಂಡೆ. ಅಂಗಿಯ ಮೇಲೆ ಬೆವರಿನ ಉಪ್ಪು ಬೆಳ್ಳಗೆ ಗೆರೆ ಕಟ್ಟಿರುತ್ತಿತ್ತು. ಲೈಬ್ರರಿಯಲ್ಲಿ ಫ್ಯಾನ್ ಕೆಟ್ಟಿರಬೇಕು ಎಂದುಕೊಂಡು ಒಗೆಯಲು ಹಾಕಿದೆ.

ಹೀಗೆ ನಾಲ್ಕು ದಿನ ನಡೆಯಿತು. ಐದನೆಯ ದಿನ ಮಧ್ಯಾಹ್ನ ಎರಡಕ್ಕೆ ನರಸಮ್ಮನವರ ಫೋನ್ ಬಂತು. ನಿಮ್ಮ ಯಜಮಾನರು ನಿಮ್ಮದೇ ತಾರಸಿಯ ಮೇಲೆ ಶೀಟ್ ಮನೆಯಲ್ಲಿ ಬನಿಯನ್ ಹಾಕಿಕೊಂಡು ಕೂತಿದ್ದಾರೆ, ನಿನ್ನೆಯೂ ಇದ್ದರು, ಮನೆಯಲ್ಲಿ ಏನಾದರೂ ಜಗಳವಾ ಎಂದು ಬಹಳ ಮುತುವರ್ಜಿಯಿಂದ ಕೇಳಿದರು.

ಸುವರ್ಣಾ ಮಲಗಿದ್ದಳು. ನಾನು ಬಾಗಿಲು ತೆಗೆದು, ಹಾಗೇ ಬಿಟ್ಟು ಮೇಲೆ ಹೋದೆ. ಶೀಟ್ ಮನೆಯ ಒಳಗೆ ಕಾಲಿಟ್ಟರೆ ಹಂಡೆ ಒಲೆಯ ಮುಂದೆ ಕೂತ ಹಾಗೆ ಮುಖಕ್ಕೆ ಹೊಡೆಯಿತು. ಅವರು ಚಾಪೆಯ ಮೇಲೆ ಕೂತಿದ್ದರು. ಮುಂದೆ ಖಾಲಿ ಡಬ್ಬಿ, ಒಂದು ಥರ್ಮಾಮೀಟರ್. ನಲವತ್ತಮೂರು ತೋರಿಸುತ್ತಿತ್ತು. ಸುವರ್ಣಾಳಿಗೆ ಹೇಳಬೇಡ ಎಂದು ಬೀಗದ ಕೈಯನ್ನು ಫಕೀರೇಶನ ಹತ್ತಿರ ಇಸಿದುಕೊಂಡಿದ್ದರಂತೆ.

ಇಲ್ಲಿ ಯಾಕೆ ಕೂತಿದ್ದೀರಿ ಎಂದೆ. ಮೊದಲ ದಿನ ಇಲ್ಲಿ ಎಷ್ಟು ಬರುತ್ತದೆ ನೋಡೋಣ ಎಂದು ಬಂದದ್ದಂತೆ. ಆಮೇಲೆ ಎದ್ದು ಪಾರ್ಕಿಗೆ ಹೋಗಲು ಮನಸ್ಸಾಗಲಿಲ್ಲವಂತೆ.

"ಆ ಫೋಮು, ಟೈಲ್ಸು ಎಲ್ಲಾ ಹೆಸರಿಗೆ ಕಣೇ ಜಗದಾಂಬಾ," ಎಂದರು. ಕಣ್ಣು ಕೆಂಪಗಾಗಿತ್ತು. "ನಮ್ಮ ತಾರಸಿ ಮೇಲೆ ಬಿಸಿಲು ಬೀಳ್ತಾನೇ ಇಲ್ಲ. ಎಲ್ಲಾ ಈ ಶೀಟಿನ ಮೇಲೆ ಬೀಳುತ್ತೆ. ಕೆಳಗೆ ಇಪ್ಪತ್ತೆಂಟು ಬರ್ಲಿ ಅಂತ ಇವರು ಇಲ್ಲಿ ಬೇಯ್ತಾ ಇದ್ರು. ಆ ಹುಡುಗಿಗೆ ನಾನು ವ್ಯಾಟ್ ಲೆಕ್ಕ ಹೇಳ್ದೆ."

ಅಷ್ಟು ದಿನ ಹಿಡಿದಿಟ್ಟುಕೊಂಡಿದ್ದ ಕೋಪ ನನ್ನಲ್ಲಿ ಒಂದು ಕಾಳಷ್ಟೂ ಉಳಿಯಲಿಲ್ಲ. ಅಯ್ಯೋ ಪಾಪ ಎನ್ನಿಸಿತು, ಪ್ರೀತಿಯೂ ಆಯಿತು. ಅರವತ್ತಮೂರು ವರ್ಷದ ಮನುಷ್ಯ, ಈ ಬೆಂಕಿಯಲ್ಲಿ ಐದು ದಿನ ಕೂತಿದ್ದರು. ರಟ್ಟೆ ಹಿಡಿದು ಎಬ್ಬಿಸಿದೆ. ಈಗಿನ್ನೂ ಮಧ್ಯಾಹ್ನ, ಏಳಾಗಿಲ್ಲ ಎಂದು ಗೊಣಗಿದರು, ಆದರೆ ಬಂದರು.

ಕೆಳಗೆ ಸುವರ್ಣಾ ಎದ್ದು ಕೂತಿದ್ದಳು. ತೊಯ್ದು ತೊಪ್ಪೆಯಾಗಿದ್ದ ಇವರ ಬನಿಯನ್, ಕೈಯಲ್ಲಿದ್ದ ತನ್ನ ಮನೆಯ ಬೀಗದ ಕೈ, ಎರಡನ್ನೂ ನೋಡಿದಳು. ಕೆಂಗೇರಿಯ ಕಥೆ ಅಲ್ಲಿಗೆ ಮುಗಿಯಿತು. ಅವಳು ಚಾಪೆ ಸುತ್ತಿ ಕಂಕುಳಲ್ಲಿಟ್ಟುಕೊಂಡು ಬಾಗಿಲ ಕಡೆ ನಡೆದಳು. ನೀವು ಮನೆಯಲ್ಲಿರ್ರಿ ಸಾಹೇಬ್ರ, ನಾ ಮ್ಯಾಲೆ ಹೋಗ್ತೀನಿ ಎಂದಳು.

ನಮ್ಮನೆಯವರು ಅವಳಿಗಿಂತ ಮೊದಲು ಬಾಗಿಲ ಹತ್ತಿರ ಹೋದರು. ಮುಚ್ಚಿದರು, ಚಿಲಕ ಹಾಕಿದರು, ಅದಕ್ಕೆ ಬೆನ್ನು ಕೊಟ್ಟು ನಿಂತರು.

"ಈಗ ಬಾಗಿಲು ತೆಗೆಯೋ ಹಾಗಿಲ್ಲಮ್ಮ," ಎಂದರು. "ಏಳಾಗ್ಲಿ."

ಸುವರ್ಣಾ ಹಿಂದಿನ ಕೋಣೆಗೆ ಹೋಗಿ ಮತ್ತೆ ಚಾಪೆ ಬಿಚ್ಚಿದಳು. ಮೂವರು ಮನೆಯಲ್ಲಿದ್ದ ಕಾರಣ ಹಾಲ್ ಸಂಜೆಗೆ ಮೂವತ್ತಾಯಿತು. ಯಾರೂ ಆ ಮಾತು ಎತ್ತಲಿಲ್ಲ.

ಏಳಕ್ಕೆ ಫಕೀರೇಶ ಹೆಂಡತಿಯನ್ನು ಕರೆದೊಯ್ಯಲು ಬಂದ. ನಮ್ಮನೆಯವರು ಬಾಗಿಲು ತೆಗೆದು, ಅವಳನ್ನು ಕಳಿಸುವ ಬದಲು ಅವನನ್ನೇ ಮೇಲಕ್ಕೆ ಕಳಿಸಿದರು. ಹಾಸಿಗೆ, ಗ್ಯಾಸ್ ಸ್ಟವ್, ಬಟ್ಟೆಯ ಟ್ರಂಕು ಎಲ್ಲ ತಂದುಬಿಡು, ಇನ್ನು ಮೇಲೆ ಹಿಂದಿನ ಕೋಣೆ ನಿಮ್ಮದು, ಆ ಶೀಟಿನ ಕೆಳಗೆ ಇನ್ನು ಯಾರೂ ಇರುವುದು ಬೇಡ ಎಂದರು. ಫಕೀರೇಶ ನಾಲ್ಕು ಸಲ ಮೆಟ್ಟಿಲು ಹತ್ತಿ ಇಳಿದ. ಅವನ ಸಾಮಾನೆಲ್ಲ ಒಳಗೆ ಬರುವವರೆಗೆ ನಮ್ಮನೆಯವರು ಒಂದು ಕೈಯಲ್ಲಿ ಬಾಗಿಲನ್ನು ಹಿಡಿದುಕೊಂಡು ನಿಂತಿದ್ದರು.